ಗುಜರಿ, ರೀಕಂಡಿಷನ್, ಹೊಸದು: ಮೂರು ಏಸಿ ಕಂಪ್ರೆಸರ್ ಕೂರಿಸಿದವನ ಲೆಕ್ಕ

ಮಡಿಕೇರಿಯವನು ಕಾರಿನ ಏಸಿಗೆ ದುಡ್ಡು ಸುರಿಯುತ್ತಾನೆ ಅಂದರೆ ಮೈಸೂರಿನ ನೆಂಟರಿಗೆ ನಗು. ‘ನಿಮ್ಮೂರಲ್ಲಿ ಕಿಟಕಿ ಇಳಿಸಿದರೆ ಸಾಕಲ್ವಾ?’ ಅಂತಾರೆ. ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ ಇಳಿಸಿ ನೋಡಲಿ. ಒಳಗೆ ನಾಲ್ಕು ಜನ, ಒದ್ದೆ ಕೊಡೆ, ಒದ್ದೆ ಚಪ್ಪಲಿ; ಸುಂಟಿಕೊಪ್ಪ ಬರುವಷ್ಟರಲ್ಲಿ ಮುಂದಿನ ಗಾಜು ಪೂರ್ತಿ ಬೆಳ್ಳಗೆ. ಏಸಿ ಹಾಕಿದರೆ ಗಾಳಿಯಲ್ಲಿರುವ ತೇವ ಇಳಿದು ಎರಡು ನಿಮಿಷದಲ್ಲಿ ರಸ್ತೆ ಕಾಣುತ್ತದೆ. ನಮ್ಮ ಕಡೆ ಏಸಿ ಬೇಕಿರುವುದೇ ಇದಕ್ಕೆ.

ಆರು ವರ್ಷದಲ್ಲಿ ನನ್ನ ಕಾರಿಗೆ ಎರಡು, ಗೋಣಿಕೊಪ್ಪದ ಮಾವನ ಕಾರಿಗೆ ಒಂದು ಕಂಪ್ರೆಸರ್ (ಏಸಿಯ ಗ್ಯಾಸನ್ನು ಒತ್ತಿ ಓಡಿಸುವ ಪಂಪ್) ನಾನೇ ಕೂರಿಸಿದ್ದೇನೆ. ತಮ್ಮನ ಕಾರಿಗೂ ಕೂರಿಸಬೇಕಿತ್ತು, ತಪ್ಪಿತು. ಮೊದಲು ಅದನ್ನೇ ಹೇಳುತ್ತೇನೆ.

ಅವನ ಕಾರಿನ ಏಸಿ ಬೆಳಿಗ್ಗೆ ಸರಿ, ಅರ್ಧ ಗಂಟೆ ಓಡಿದ ಮೇಲೆ ಬಂದ್. ಕಂಪ್ರೆಸರ್ ಹೋಗಿದೆ ಅಂತ ಒಂದು ಗ್ಯಾರೇಜಿನಲ್ಲಿ ಹೇಳಿ ಕಳಿಸಿದ್ದರು. ಬಾನೆಟ್ ಎತ್ತಿ ಕಿವಿಗೊಟ್ಟೆ. ಏಸಿ ಒತ್ತಿದರೆ ಕಂಪ್ರೆಸರಿನ ಪುಲ್ಲಿಯ ಹತ್ತಿರ ‘ಟಕ್’ ಅಂತ ಅದರ ಕ್ಲಚ್ ಹಿಡಿಯಬೇಕು; ಬೆಲ್ಟಿನಿಂದ ತಿರುಗುವ ಪುಲ್ಲಿಗೆ ಕಂಪ್ರೆಸರನ್ನು ಜೋಡಿಸುವುದು ಅದೇ. ಬಿಸಿಯಾದ ಮೇಲೆ ಹಿಡಿಯುತ್ತಿರಲಿಲ್ಲ. ಫ್ಯೂಸ್, ರಿಲೇ ಸರಿ. ಕ್ಲಚ್ಚಿನ ವೈರಿಗೆ 12 ವೋಲ್ಟ್ ಬರುತ್ತಿದೆ. ಹಾಗಾದರೆ ಗ್ಯಾಸ್ ಕಡಿಮೆಯಾಗಿ ಪ್ರೆಷರ್ ಸ್ವಿಚ್ ತಡೆದದ್ದೂ ಅಲ್ಲ. ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರೆ ಕ್ಲಚ್ ತಟ್ಟೆಗೂ ಪುಲ್ಲಿಗೂ ನಡುವೆ ಒಂದು ಮಿಲಿಮೀಟರಿಗೂ ಹೆಚ್ಚು ಸಂದು. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸಿನಲ್ಲಿರಬೇಕು. ಸವೆದು ಅಗಲವಾಗಿದೆ, ತಟ್ಟೆಯನ್ನು ಅಯಸ್ಕಾಂತದ ಹಾಗೆ ಎಳೆಯುವ ಕಾಯಿಲ್ ಬಿಸಿಯಾದರೆ ಶಕ್ತಿ ಸಾಲದು. ಒಳಗಿನ ತೆಳು ವಾಷರ್ ಒಂದನ್ನು ತೆಗೆದೆ, ಮುಗಿಯಿತು. ಖರ್ಚು ಸೊನ್ನೆ.

ನನ್ನ ಕಾರಿನ ಕಥೆ ಬೇರೆ. ಕ್ಲಚ್ ಹಿಡಿಯುತ್ತಿತ್ತು, ಗಾಳಿ ಮಾತ್ರ ತಣ್ಣಗಿಲ್ಲ. ಏಸಿ ಪೈಪಿನ ಒತ್ತಡ ತೋರಿಸುವ ಎರಡು ಮುಳ್ಳಿನ ಗೇಜ್ ಹಾಕಿದೆ. ಇಂಜಿನ್ ನಿಂತಿದ್ದಾಗ ಎರಡೂ ಮುಳ್ಳು 70 ಪಿಎಸ್‌ಐ ಹತ್ತಿರ; ನಮ್ಮ 20 ಡಿಗ್ರಿ ಹವೆಗೆ ಅದು ಸರಿಯೇ. ಗ್ಯಾಸ್ ಇದೆ ಎಂದು ಮಾತ್ರ ಅರ್ಥ, ಎಷ್ಟಿದೆ ಎಂದಲ್ಲ. ಓಡಿಸಿದ ಮೇಲೆ ಕಂಪ್ರೆಸರ್ ಹೀರುವ ಕಡೆಯ ಮುಳ್ಳು 30ಕ್ಕೆ ಇಳಿಯಬೇಕು, ಒತ್ತುವ ಕಡೆಯದು 150ರ ಮೇಲೆ ಏರಬೇಕು. ನನ್ನದರಲ್ಲಿ 60, 90. ಕಂಪ್ರೆಸರ್ ಸುಮ್ಮನೆ ತಿರುಗುತ್ತಿದೆ, ಒತ್ತುತ್ತಿಲ್ಲ.

ಮೊದಲು ಹಾಕಿದ್ದು ಗುಜರಿಯದು, 4,500 ರೂಪಾಯಿ. ಪೈಪ್ ಕೂರುವ ಬಾಯಿ ತೆರೆದೇ ಇತ್ತು, ಮುಚ್ಚಳ ಇರಲಿಲ್ಲ. ಅಲ್ಲೇ ಅದನ್ನು ಬಿಟ್ಟು ಬರಬೇಕಿತ್ತು. ಇದರ ಎಣ್ಣೆ ಗಾಳಿಯ ತೇವವನ್ನು ಉಪ್ಪಿನ ಹಾಗೆ ಹೀರುತ್ತದೆ. ನಾಲ್ಕು ಬೋಲ್ಟ್, ಎರಡು ಪೈಪ್, ಬೆಲ್ಟ್: ಕೂರಿಸುವ ಕೆಲಸ ಒಂದು ಮಧ್ಯಾಹ್ನದ್ದು. ಮೂರು ತಿಂಗಳಿಗೆ ಕರಕರ ಶುರು. ಬಿಚ್ಚಿ ಎಣ್ಣೆಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಕಪ್ಪು, ಮಂದ. ಬೆರಳಿಗೆ ತೆಗೆದು ಬಿಸಿಲಿಗೆ ಹಿಡಿದರೆ ಒಳಗೆ ಮಿನುಗುವ ಪುಡಿ. ತಪ್ಪು ಪೂರ್ತಿ ಗುಜರಿಯ ಮೇಲೆ ಹಾಕುವ ಹಾಗಿಲ್ಲ. ಮೊದಲಿನ ಕಂಪ್ರೆಸರ್ ಸವೆದು ಉಗುಳಿದ ಪುಡಿ ಕಂಡೆನ್ಸರಿನಲ್ಲಿ (ಬಿಸಿ ಗ್ಯಾಸ್ ತಣಿಯುವ ಜಾಲರಿ) ಕೂತಿತ್ತು, ತೇವ, ಕಸ ಹಿಡಿಯುವ ಡ್ರೈಯರನ್ನು ದುಡ್ಡಿನ ಮುಖ ನೋಡಿ ನಾನು ಬದಲಿಸಿರಲಿಲ್ಲ.

ಮಾವನ ಕಾರಿಗೆ ರೀಕಂಡಿಷನ್, ಅಂದರೆ ಹಳೆಯದನ್ನು ಬಿಚ್ಚಿ ಸರಿಮಾಡಿದ್ದು, 8,500. ಆರು ತಿಂಗಳ ವಾರಂಟಿ, ಆದರೆ ಡ್ರೈಯರ್ ಬದಲಿಸಿದ ಬಿಲ್ ತೋರಿಸಿದರೆ ಮಾತ್ರ. ಆ ಷರತ್ತು ನನಗೆ ಒಳ್ಳೆಯದೇ ಅನಿಸಿತು. ಘಟ್ಟದ ಮೇಲೆ ದೂರಿಲ್ಲ. ಸಂಪಾಜೆ ಘಟ್ಟ ಇಳಿದು ಏಪ್ರಿಲ್‌ನಲ್ಲಿ ಮಂಗಳೂರು ಮುಟ್ಟಿದರೆ ಸಿಗ್ನಲ್ಲಿನಲ್ಲಿ ಬಿಸಿ ಗಾಳಿ. ಒಂದೂವರೆ ವರ್ಷಕ್ಕೆ ಕ್ಲಚ್ಚಿನ ಸುತ್ತ ಎಣ್ಣೆಗೆ ಧೂಳು ಹತ್ತಿಕೊಂಡಿತು: ಶಾಫ್ಟಿನ ಸೀಲ್ ಸೋರುತ್ತಿದೆ. ಏಸಿ ಮುಟ್ಟದೆ ತಿಂಗಳುಗಟ್ಟಲೆ ಬಿಟ್ಟರೆ ಸೀಲ್ ಒಣಗುತ್ತದೆ. ವಾರಕ್ಕೆ ಹತ್ತು ನಿಮಿಷ ಓಡಿಸಿ ಮಾವ ಅಂದರೆ, ‘ಪೆಟ್ರೋಲ್ ನೀನು ಹಾಕುತ್ತೀಯಾ?’

ಮೂರನೆಯದು ಹೊಸದು, ನನ್ನ ಕಾರಿಗೆ. 19,000. ಜೊತೆಗೆ ಕಂಡೆನ್ಸರ್, ಡ್ರೈಯರ್, ಗ್ಯಾಸನ್ನು ಅಳತೆಯಲ್ಲಿ ಬಿಡುವ ಎಕ್ಸ್‌ಪಾನ್ಷನ್ ವಾಲ್ವ್, ಪೈಪಿನ ಸಂದಿನ ರಬ್ಬರ್ ಓ-ರಿಂಗ್ ಸೇರಿ ಇನ್ನೊಂದು 9,000. ಈಗಿನ ಕಂಡೆನ್ಸರಿನ ದಾರಿಗಳು ಎಷ್ಟು ಸಣ್ಣ ಅಂದರೆ ತೊಳೆದರೂ ಪುಡಿ ಪೂರ್ತಿ ಹೋಗುವುದಿಲ್ಲ. ಎಲ್ಲ ಹೊಸದಾಗಿ, ಉಳಿದ ಪೈಪ್ ತೊಳೆದದ್ದರಿಂದ ಹೊಸ ಕಂಪ್ರೆಸರಿನ ಒಳಗೇ ಬಂದ ಎಣ್ಣೆಯನ್ನು ಹಾಗೇ ಬಿಟ್ಟೆ. ಬರೀ ಕಂಪ್ರೆಸರ್ ಬದಲಿಸುವುದಾದರೆ ಹಳೆಯದರಿಂದ ಇಳಿದಷ್ಟೇ ಎಣ್ಣೆ ಹೊಸದರಲ್ಲಿ ಉಳಿಸಬೇಕು. ಕೆಮ್ಮಿನ ಔಷಧಿಯ ಅಳತೆ ಮುಚ್ಚಳ ಇದಕ್ಕೆ ಸಾಕು.

ಹಳೆಯ ಗ್ಯಾಸನ್ನು ಮಾತ್ರ ಮನೆಯಲ್ಲಿ ಬಿಡಲಿಲ್ಲ. ಏಸಿಯ ಈ ಗ್ಯಾಸ್, ಆರ್-134ಎ, ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜೋರು, ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟಿಸುತ್ತದೆ. ಕುಶಾಲನಗರದಲ್ಲಿ ಮೆಷಿನ್ನಿಗೆ ಹೀರಿಸಿಕೊಂಡು ಬಂದು ಆಮೇಲೆ ಬಿಚ್ಚಿದೆ.

ಪೈಪಿನೊಳಗಿನ ಗಾಳಿ, ತೇವ ಹೀರಿ ತೆಗೆಯುವ ವ್ಯಾಕ್ಯೂಮ್ ಮನೆಯಲ್ಲೇ, ಬಾಡಿಗೆ ಪಂಪಿನಲ್ಲಿ. ಮುಳ್ಳು 29 ಇಂಚಿಗೆ (ಪಾದರಸದ ಅಳತೆ) ಹೋಗಬೇಕು ಅಂತ ಕೇಳಿದ್ದೆ. 26ರಲ್ಲಿ ನಿಂತಿತು. ಓ-ರಿಂಗ್ ಎರಡು ಸಲ ಬದಲಿಸಿದೆ, ಪಂಪಿನ ಎಣ್ಣೆ ಬದಲಿಸಿದೆ, ಅದೇ 26. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು: 29 ಸಮುದ್ರಮಟ್ಟದ ಲೆಕ್ಕ, ಅಲ್ಲಿ ಗಾಳಿಯ ಒತ್ತಡವೇ ಸುಮಾರು 30 ಇಂಚು. ಮಡಿಕೇರಿ ಸುಮಾರು 3,800 ಅಡಿ, ಸಾವಿರ ಅಡಿಗೆ ಒಂದು ಇಂಚು ಕಡಿಮೆ. ನಮ್ಮಲ್ಲಿ ಇರುವ ಗಾಳಿಯ ಒತ್ತಡವೇ ಅಷ್ಟು! ಪಂಪ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಮುಳ್ಳು ಅಲ್ಲಾಡದಿದ್ದರೆ ದೊಡ್ಡ ಸೋರಿಕೆ ಇಲ್ಲ. ಬಾನೆಟ್ಟಿನ ಚೀಟಿಯಲ್ಲಿ ಬರೆದಷ್ಟು ಗ್ರಾಂ ಗ್ಯಾಸನ್ನು ಕರಿಮೆಣಸು ತೂಗುವ ಮೆಷಿನ್ನಿನ ಮೇಲೆ ಡಬ್ಬಿ ಇಟ್ಟು ತುಂಬಿಸಿದೆ.

ಹೊಸದಕ್ಕೆ ಈಗ ಮೂರು ಮಳೆಗಾಲ. ಗಾಜು ತಿಳಿಯಾಗಿದೆ, ಮಂಗಳೂರಲ್ಲೂ ತಂಪು. ಐದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಕಾರಿಗೆ ಇದನ್ನೇ ಹಾಕುತ್ತೇನೆ. ಮುಂದಿನ ವರ್ಷ ಮಾರುವ ಕಾರು, ಘಟ್ಟ ಇಳಿಯದ ಕಾರು ಆದರೆ ಡ್ರೈಯರ್ ಬದಲಿಸಿ ರೀಕಂಡಿಷನ್. ಗುಜರಿಗೆ ಇನ್ನು ಕ್ಲಚ್ ಹುಡುಕಲು ಮಾತ್ರ ಹೋಗುತ್ತೇನೆ. ಮಾವನಿಗೂ ಹೊಸದು ತರಿಸೋಣ ಅಂದೆ. ಈ ಸಲ ಮೆಣಸಿನ ರೇಟ್ ನೋಡಿಕೊಂಡು ಹೇಳುತ್ತಾರಂತೆ.