ಪೇಟೆಂಟ್ ಎಂದು ಹೇಳಿ ಡಿಸೈನ್ ನೋಂದಣಿ ಕೊಡುತ್ತಾರೆ, ಮೋಸಹೋಗಬೇಡಿ

ಪೇಟೆಂಟ್ ಎಂದು ನನ್ನ ಕೈಗೆ ಬಂದದ್ದು ಸಾಧನ ಕೆಲಸ ಮಾಡುವ ರೀತಿಗೆ ಹಕ್ಕು ಕೊಡುವ ಪೇಟೆಂಟ್ ಅಲ್ಲ, ಆಕಾರಕ್ಕೆ ಮಾತ್ರ ಸಿಗುವ ಡಿಸೈನ್ ನೋಂದಣಿ. ಪೂರ್ತಿ ಓದಲು ಸಮಯವಿಲ್ಲದವರಿಗೆ ಇಷ್ಟಾದರೂ ತಿಳಿಯಲಿ ಎಂದು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. 45,000 ರೂಪಾಯಿ ಕೊಟ್ಟಿದ್ದೇನೆ. ಹಣದ ಜೊತೆಗೆ ಇನ್ನೊಂದು ಹೋಗಿದೆ, ಅದು ಮತ್ತೆ ಸಿಗುವುದಿಲ್ಲ.

ಗಂಗಾವತಿಯಲ್ಲಿ ನನ್ನದು ವೆಲ್ಡಿಂಗ್ ಅಂಗಡಿ. ಗೇಟು, ಶಟರು, ಗೋದಾಮಿನ ಬಾಗಿಲು ಮಾಡುತ್ತೇನೆ. ನಮ್ಮ ಊರಿನ ಅಕ್ಕಿ ಗಿರಣಿಗಳನ್ನು ನೋಡಿದವರಿಗೆ ಗೊತ್ತು, ಹಮಾಲರ ಬೆನ್ನ ಮೇಲೆ ಮೂಟೆ ಇರುತ್ತದೆ, ಎರಡೂ ಕೈ ಮೂಟೆಯನ್ನು ಹಿಡಿದಿರುತ್ತವೆ. ಬಾಗಿಲು ತೆರೆದಿಟ್ಟರೆ ಇಲಿ, ಹೆಗ್ಗಣ ಒಳಗೆ ಬರುತ್ತವೆ. ಮುಚ್ಚಿದರೆ ಅಗುಳಿ ತೆಗೆಯಲು ಒಬ್ಬ ಆಳು ಬಾಗಿಲ ಬಳಿಯೇ ನಿಲ್ಲಬೇಕು. ಇದನ್ನು ವರ್ಷಗಟ್ಟಲೆ ನೋಡಿದ ಮೇಲೆ ಕಾಲಿನಿಂದ ಒತ್ತಿದರೆ ಅಗುಳಿ ಬಿಡುವ ಒಂದು ಸಾಧನ ಮಾಡಿದೆ. ಬಾಗಿಲ ಕೆಳಗೆ ಪೆಡಲ್, ಅಲ್ಲಿಂದ ಮೇಲಕ್ಕೆ ಒಂದು ಸರಳು, ಸರಳಿನ ತುದಿಯಲ್ಲಿ ಅಗುಳಿಯನ್ನು ಎಳೆಯುವ ಸನ್ನೆ, ಅಗುಳಿಯನ್ನು ಮತ್ತೆ ತನ್ನ ಜಾಗಕ್ಕೆ ತರಲು ಸ್ಪ್ರಿಂಗ್. ಇಷ್ಟನ್ನು ಯಾರಾದರೂ ಮಾಡಬಹುದು. ನನ್ನ ಶ್ರಮ ಇದ್ದದ್ದು ಬೇರೆ ಕಡೆ. ರಾತ್ರಿ ಮೇಲೆ ಬೀಗ ಹಾಕಿದ ಕೂಡಲೇ ಪೆಡಲ್‌ಗೂ ಸರಳಿಗೂ ಇರುವ ಸಂಬಂಧ ತಾನಾಗಿಯೇ ಕಡಿದುಹೋಗುವಂತೆ ಒಂದು ತಟ್ಟೆ ಕೂಡಿಸಿದ್ದೆ. ಹೊರಗಿನವರು ಎಷ್ಟೇ ತುಳಿದರೂ ಪೆಡಲ್ ಸುಮ್ಮನೆ ಕೆಳಗೆ ಹೋಗಿ ಬರುತ್ತದೆಯೇ ಹೊರತು ಒಳಗಿನ ಭಾಗಕ್ಕೆ ಪೆಟ್ಟು ಬೀಳುವುದಿಲ್ಲ. ತೌಡು, ಉಮಿ ತುಂಬಿಕೊಂಡು ಸ್ಪ್ರಿಂಗ್ ಕಚ್ಚಿಕೊಳ್ಳುತ್ತಿತ್ತು. ಅದು ತಾನಾಗಿ ಕೆಳಗೆ ಉದುರುವಂತೆ ಮಾಡಲು ನಾಲ್ಕು ತಿಂಗಳು ಒದ್ದಾಡಿದ್ದೇನೆ.

ಪೇಟೆಂಟ್ ಮಾಡಿಸು ಎಂದು ಗಿರಣಿಯ ಮಾಲೀಕರೇ ಹೇಳಿದರು. ಮೊಬೈಲ್‌ನಲ್ಲಿ ಹುಡುಕಿದೆ. ಹುಡುಕಿದ ಮರುದಿನವೇ ಬೆಂಗಳೂರಿನ ಒಂದು ಸಂಸ್ಥೆಯಿಂದ ಕರೆ ಬಂತು. ಎಷ್ಟು ಒಳ್ಳೆಯ ಮಾತು! ‘ನಿಮ್ಮಂಥ ಗ್ರಾಮೀಣ ಸಂಶೋಧಕರಿಗಾಗಿಯೇ ನಾವು ಇರುವುದು. ನಿಮ್ಮ ಪಕ್ಕದ ಕಿನ್ನಾಳದ ಗೊಂಬೆಗಳಿಗೆ ಸಿಕ್ಕಿದೆ, ನಿಮಗೆ ಸಿಗುವುದಿಲ್ಲವೇ?’ ಎಂದರು. ಕಿನ್ನಾಳದ ಗೊಂಬೆಗೆ ಸಿಕ್ಕಿರುವುದು ಜಿಐ, ಅಂದರೆ ಭೌಗೋಳಿಕ ಸೂಚಕ, ಒಂದು ಊರಿನ ವಿಶೇಷ ವಸ್ತುವಿಗೆ ಆ ಊರಿನ ಹೆಸರಿನಲ್ಲಿ ಸಿಗುವ ಗುರುತು. ಅದಕ್ಕೂ ಪೇಟೆಂಟ್‌ಗೂ ಸಂಬಂಧವೇ ಇಲ್ಲ. ಆಗ ನನಗೆ ಅದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ಮೊದಲು 15,000 ರೂಪಾಯಿ ‘ಶೋಧನಾ ವರದಿ’ಗೆ, ಅಂದರೆ ಇಂಥ ಸಾಧನ ಮೊದಲೇ ಇದೆಯೇ ಎಂದು ಹುಡುಕಿ ಕೊಡುವ ವರದಿಗೆ. ಬಂದದ್ದು ಎರಡು ಪುಟ. ‘ನಿಮ್ಮ ಆವಿಷ್ಕಾರ ನೂರಕ್ಕೆ ನೂರು ಹೊಸದು’ ಎಂದು ಬರೆದಿತ್ತು. ಆಮೇಲೆ ಅರ್ಜಿಗೆಂದು 30,000. ಅರ್ಜಿ ಸಲ್ಲಿಕೆಯಾದ ದಿನ ಒಂದು ಸಂಖ್ಯೆ ಕಳುಹಿಸಿ, ‘ಇನ್ನು ಹೆದರಬೇಡಿ ಸರ್, ನಿಮ್ಮ ಸಾಧನಕ್ಕೆ ರಕ್ಷಣೆ ಸಿಕ್ಕಿತು. ವಿಡಿಯೊ ಮಾಡಿ ಹಾಕಿ, ಪ್ರಚಾರವಾಗಲಿ’ ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನಂಬಿದೆ. ಮುಚ್ಚಳ ಬಿಚ್ಚಿ, ಒಳಗಿನ ತಟ್ಟೆ ಹೇಗೆ ಸರಿಯುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸಿ ಆರು ನಿಮಿಷದ ವಿಡಿಯೊ ಹಾಕಿದೆ.

ಐದು ತಿಂಗಳಿಗೆ ಪ್ರಮಾಣಪತ್ರ ಬಂತು. ಅಶೋಕ ಸ್ತಂಭದ ಮುದ್ರೆ, ಹಿಂದಿ ಮತ್ತು ಇಂಗ್ಲಿಷ್ ಅಕ್ಷರಗಳು. ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದೆ. ಓಣಿಯವರು ಶಾಲು ಹೊದಿಸಿ ಸನ್ಮಾನ ಮಾಡಿದರು. ನನ್ನ ತಾಯಿ ಆ ದಿನ ಅತ್ತರು. ಇದನ್ನು ಬರೆಯುವಾಗ ನನಗೆ ಕೈ ನಡುಗುತ್ತದೆ.

ಎರಡು ತಿಂಗಳು ಕಳೆದಿರಬೇಕು. ಸಿಂಧನೂರಿನಲ್ಲಿ ಒಬ್ಬರು ಇದೇ ಸಾಧನ ಮಾಡಿ ಮಾರುತ್ತಿದ್ದಾರೆ ಎಂದು ಸುದ್ದಿ ಬಂತು. ಪ್ರಮಾಣಪತ್ರ ತೆಗೆದುಕೊಂಡು ಬಸ್ ಹತ್ತಿದೆ. ಅವರ ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಎಲ್ಲರ ಮುಂದೆ ಧ್ವನಿ ಏರಿಸಿ, ‘ಇದು ನನ್ನ ಪೇಟೆಂಟ್, ನಾಳೆಯಿಂದ ನಿಲ್ಲಿಸಿ’ ಎಂದೆ. ಅವರ ಮಗಳು ಎಂಜಿನಿಯರಿಂಗ್ ಓದುವ ಹುಡುಗಿ. ಕಾಗದ ಕೈಗೆ ತೆಗೆದುಕೊಂಡು ಓದಿ, ಬಹಳ ಮೆತ್ತಗೆ, ‘ಅಂಕಲ್, ಇದು ಪೇಟೆಂಟ್ ಪ್ರಮಾಣಪತ್ರವಲ್ಲ. ಡಿಸೈನ್ ನೋಂದಣಿ ಎಂದಿದೆ’ ಎಂದಳು. ನಂತರ ಅದರ ಜೊತೆಗಿದ್ದ ಚಿತ್ರದ ಹಾಳೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ ಕನ್ನಡದಲ್ಲಿ ಹೇಳಿದಳು: ಈ ನೋಂದಣಿಯ ಮೂಲಕ ಯಂತ್ರದ ಕಾರ್ಯವಿಧಾನದ ಮೇಲಾಗಲಿ, ರಚನೆಯ ತತ್ತ್ವದ ಮೇಲಾಗಲಿ ಯಾವುದೇ ಹಕ್ಕು ಕೇಳುತ್ತಿಲ್ಲ.

ಯಾವುದೇ ಹಕ್ಕು ಕೇಳುತ್ತಿಲ್ಲ! ನನ್ನ ಹೆಸರಿನ ಅರ್ಜಿಯಲ್ಲಿ, ನನ್ನ ಹಣದಲ್ಲಿ, ನನ್ನ ಸಾಧನ ಕೆಲಸ ಮಾಡುವ ರೀತಿಯ ಮೇಲೆ ನನಗೇ ಹಕ್ಕು ಬೇಡ ಎಂದು ಬರೆದಿದ್ದಾರೆ. ‘ನಿಮ್ಮ ಪೆಡಲ್ ಚೌಕ, ನನ್ನದು ದುಂಡಗೆ. ಬೇಕಾದರೆ ಕೇಸು ಹಾಕಿ’ ಎಂದರು ಆ ಅಂಗಡಿಯವರು. ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ ಇತ್ತು. ಏಳೆಂಟು ಜನರ ಮುಂದೆ ಕಾಗದ ಮಡಚಿಕೊಂಡು ಹೊರಗೆ ಬಂದೆ. ಬಸ್ ನಿಲ್ದಾಣದಲ್ಲಿಯೇ ನಿಂತು ಬೆಂಗಳೂರಿಗೆ ಕರೆ ಮಾಡಿದೆ.

ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲ ಉತ್ತರ: ‘ಸರ್, ಡಿಸೈನ್ ಪೇಟೆಂಟ್ ಕೂಡ ಪೇಟೆಂಟೇ.’ ಸುಳ್ಳು. ಡಿಸೈನ್ ಪೇಟೆಂಟ್ ಎಂಬುದು ಅಮೆರಿಕದಲ್ಲಿ ಇದೆ. ನಮ್ಮಲ್ಲಿ ಪೇಟೆಂಟ್‌ಗೆ 1970ರ ಕಾಯ್ದೆ, ಡಿಸೈನ್‌ಗೆ 2000ದ ಕಾಯ್ದೆ, ಎರಡೂ ಬೇರೆ ಬೇರೆ. ಡಿಸೈನ್ ಎಂದರೆ ಕಣ್ಣಿಗೆ ಕಾಣುವ ಆಕಾರ ಮಾತ್ರ. ಯಾಂತ್ರಿಕ ಸಾಧನವನ್ನು ಆ ಕಾಯ್ದೆಯ ವ್ಯಾಖ್ಯೆಯೇ ಹೊರಗಿಟ್ಟಿದೆ. ಎರಡನೆಯ ಉತ್ತರ: ‘ಒಪ್ಪಂದದಲ್ಲಿ ಐಪಿ ನೋಂದಣಿ ಎಂದು ಬರೆದಿದ್ದೇವೆ, ನೀವು ಓದಿ ಸಹಿ ಮಾಡಿದ್ದೀರಿ.’ ಹೌದು, ಹಾಗೆಯೇ ಬರೆದಿದ್ದಾರೆ. ಐಪಿ ಎಂದರೆ ಬೌದ್ಧಿಕ ಆಸ್ತಿ, ಪೇಟೆಂಟ್, ಡಿಸೈನ್ ಎರಡೂ ಅದರಲ್ಲಿ ಬರುತ್ತವೆ. ಮಾತಿನಲ್ಲಿ ನೂರು ಸಲ ಪೇಟೆಂಟ್, ಕಾಗದದಲ್ಲಿ ಒಂದು ಸಲವೂ ಇಲ್ಲ. ಮೂರನೆಯ ಉತ್ತರ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ: ‘ಕಾರ್ಯವಿಧಾನಕ್ಕೆ ರಕ್ಷಣೆ ಬೇಕಾದರೆ ಅದು ಬೇರೆ ಪ್ಯಾಕೇಜ್ ಸರ್, 65,000. ನೀವು ಹಳೆಯ ಗ್ರಾಹಕರು, 60ಕ್ಕೆ ಮಾಡಿಕೊಡುತ್ತೇವೆ.’ ಅದಾದ ಮೇಲೆ ಕರೆ ಸ್ವೀಕರಿಸಿಲ್ಲ.

ಕೊನೆಗೆ ಪರಿಚಿತರ ಮೂಲಕ ಒಬ್ಬ ನೋಂದಾಯಿತ ಪೇಟೆಂಟ್ ಏಜೆಂಟರನ್ನು ಕಂಡೆ. ಅವರು ನನ್ನ ಎದುರಿಗೇ ಗೂಗಲ್ ಪೇಟೆಂಟ್ಸ್ ತೆರೆದು ಹುಡುಕಿದರು. ಅದಕ್ಕೆ ಹಣವೇ ಇಲ್ಲ! ಅರ್ಧ ಗಂಟೆಯಲ್ಲಿ ಕಾಲಿನಿಂದ ಒತ್ತಿ ಅಗುಳಿ ಬಿಡಿಸುವ ಸಾಧನಗಳು ಸಾಲುಸಾಲಾಗಿ ಬಂದವು. ಬಹಳ ಹಳೆಯ ಅಮೆರಿಕದ ಪೇಟೆಂಟ್‌ಗಳಿದ್ದವು, 2020ರ ಕೊರೊನಾ ಕಾಲದಲ್ಲಿ ಕೈ ಮುಟ್ಟದೆ ಬಾಗಿಲು ತೆರೆಯಲೆಂದು ಮಾಡಿದವೂ ಇದ್ದವು. ‘ನೂರಕ್ಕೆ ನೂರು ಹೊಸದು’ ಎಂದು 15,000 ತೆಗೆದುಕೊಂಡವರು ಇದನ್ನು ನೋಡಿಯೇ ಇರಲಿಲ್ಲ, ಅಥವಾ ನೋಡಿ ಮುಚ್ಚಿಟ್ಟಿದ್ದರು.

ಪೇಟೆಂಟ್‌ಗೆ ಸಾಧನ ಹೊಸದಾಗಿರಬೇಕು, ಆ ಕಸುಬು ಬಲ್ಲವನಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು, ಉದ್ಯಮದಲ್ಲಿ ಬಳಕೆಗೆ ಬರಬೇಕು. ಗೊತ್ತಿರುವ ಭಾಗಗಳನ್ನು ಪಕ್ಕಪಕ್ಕ ಜೋಡಿಸಿ, ಒಂದೊಂದೂ ತನ್ನ ಹಳೆಯ ಕೆಲಸವನ್ನೇ ಬೇರೆಬೇರೆಯಾಗಿ ಮಾಡುತ್ತಿದ್ದರೆ ಅದು ಆವಿಷ್ಕಾರವೇ ಅಲ್ಲ ಎನ್ನುತ್ತದೆ ಕಾಯ್ದೆಯ 3(ಎಫ್) ಕಲಂ. ಪೆಡಲ್, ಸರಳು, ಅಗುಳಿ, ಸ್ಪ್ರಿಂಗ್ ಎಂದಷ್ಟೇ ಬರೆದಿದ್ದರೆ ತಿರಸ್ಕಾರ ಬಹುತೇಕ ಖಚಿತ ಎಂದರು ಅವರು. ಆದರೆ ಬೀಗ ಹಾಕಿದಾಗ ಸಂಬಂಧ ಕಡಿಯುವ ಆ ತಟ್ಟೆ ಮತ್ತು ತೌಡು ಉದುರುವ ವ್ಯವಸ್ಥೆ ಎರಡೂ ಸೇರಿ ಕೆಲಸ ಮಾಡುವ ರೀತಿಯನ್ನು ನೋಡಿ, ‘ಭರವಸೆ ಕೊಡಲಾರೆ, ಆದರೆ ಇದರ ಮೇಲೆ ವಾದ ಮಾಡಬಹುದಿತ್ತು’ ಎಂದರು.

ಮಾಡಬಹುದಿತ್ತು! ಏಕೆ ಈಗ ಮಾಡಬಾರದು ಎಂದು ಕೇಳಿದೆ. ಅವರು ನನ್ನ ವಿಡಿಯೊದ ದಿನಾಂಕ ತೋರಿಸಿದರು. ಪೇಟೆಂಟ್ ಅರ್ಜಿ ಸಲ್ಲಿಸುವ ಮೊದಲೇ ಸಾರ್ವಜನಿಕವಾಗಿ ಬಯಲಾದದ್ದು ಹೊಸದಲ್ಲ, ಬಯಲು ಮಾಡಿದವನು ಆವಿಷ್ಕಾರಕನೇ ಆಗಿದ್ದರೂ ಅಷ್ಟೇ. ನಮ್ಮ ಕಾಯ್ದೆಯಲ್ಲಿ ಇದಕ್ಕೆ ಇರುವ ವಿನಾಯಿತಿಗಳು ಬಹಳ ಕಡಿಮೆ. ಸರ್ಕಾರ ಅಧಿಸೂಚನೆ ಹೊರಡಿಸಿದ ವಸ್ತುಪ್ರದರ್ಶನದಲ್ಲಿ ತೋರಿಸುವುದು ಅಂಥದ್ದೊಂದು. ಮೊಬೈಲ್‌ನಲ್ಲಿ ಹಾಕಿದ ವಿಡಿಯೊ ಅದರಲ್ಲಿ ಬರುವುದಿಲ್ಲ. ‘ವಿಡಿಯೊ ಮಾಡಿ ಹಾಕಿ, ಪ್ರಚಾರವಾಗಲಿ’ ಎಂದಿದ್ದರಲ್ಲ, ಅದೇ ವಿಡಿಯೊ. ನಾನು ಸುಮ್ಮನಿದ್ದಿದ್ದರೆ ಇವತ್ತಿಗೂ ಅರ್ಜಿ ಹಾಕಬಹುದಿತ್ತು. ಅವರು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಹಣ ಕಿತ್ತುಕೊಂಡದ್ದನ್ನು ಮರೆತೇನು, ಇದನ್ನು ಮರೆಯಲಾರೆ.

ಇನ್ನು ಹಣದ ವಿಷಯ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಲು ಸರ್ಕಾರಿ ಶುಲ್ಕ 1,600 ರೂಪಾಯಿ. ಪರೀಕ್ಷೆಗೆ ಒಳಪಡಿಸಿ ಎಂಬ ಕೋರಿಕೆಗೆ 4,000. ಡಿಸೈನ್ ನೋಂದಣಿಗೆ 1,000. ಬರೆದುಕೊಡುವವರ ಶ್ರಮಕ್ಕೆ ಹಣ ಕೊಡಬೇಕು, ಅದು ನ್ಯಾಯ. ನನ್ನ 45,000ದಲ್ಲಿ ಸರ್ಕಾರಕ್ಕೆ ಕಟ್ಟಿದ್ದು ಆ ಒಂದು ಸಾವಿರ.

ಆದ್ದರಿಂದ ಕೇಳಿ. ನಿಮ್ಮ ಜೊತೆ ಮಾತನಾಡುವವರ ಹೆಸರು ಪೇಟೆಂಟ್ ಕಚೇರಿಯ ಜಾಲತಾಣದ ಏಜೆಂಟರ ಪಟ್ಟಿಯಲ್ಲಿದೆಯೇ ನೋಡಿ. ಕೊಟ್ಟ ಸಂಖ್ಯೆಯನ್ನು ಎಣಿಸಿ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ, ಅಲ್ಲಿಯ ಪೇಟೆಂಟ್ ಅರ್ಜಿಗೆ 12 ಅಂಕಿಗಳಿರುತ್ತವೆ. ಮೊದಲ ನಾಲ್ಕು ಅಂಕಿ ವರ್ಷ, ಐದನೆಯದು 4. ನನಗೆ ಕೊಟ್ಟದ್ದು ಆರು ಅಂಕಿ, ಪಕ್ಕದಲ್ಲಿ ಒಂದು ಗೆರೆ, 001. ಮೂರು ತಿಂಗಳಲ್ಲಿ, ಐದು ತಿಂಗಳಲ್ಲಿ ಪೇಟೆಂಟ್ ಖಚಿತ ಎಂದವರನ್ನು ಅಲ್ಲಿಗೇ ಬಿಡಿ. ಸಾಮಾನ್ಯವಾಗಿ ಅರ್ಜಿ ಪ್ರಕಟವಾಗುವುದೇ 18 ತಿಂಗಳ ನಂತರ. ಪೂರ್ತಿ ಸಿದ್ಧವಾಗಿಲ್ಲದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ, ಪೂರ್ಣ ವಿವರಣೆಗೆ 12 ತಿಂಗಳು ಸಮಯವಿದೆ. ಅರ್ಜಿ ಹಾಕುವವರೆಗೆ ಯಾರಿಗೂ ತೋರಿಸಬೇಡಿ. ನೆಂಟರಿಗೂ ಬೇಡ, ವಿಡಿಯೊ ಅಂತೂ ಬೇಡವೇ ಬೇಡ.

ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟಿದ್ದೇನೆ, ವಿಚಾರಣೆ ಬಾಕಿ ಇದೆ, ಅದಕ್ಕಾಗಿ ಸಂಸ್ಥೆಯ ಹೆಸರು ಬರೆದಿಲ್ಲ. ಚೌಕಟ್ಟನ್ನು ಗೋಡೆಯಿಂದ ಇಳಿಸಿದ್ದೇನೆ. ಸಿಂಧನೂರಿನವರು ಈಗಲೂ ಮಾರುತ್ತಿದ್ದಾರೆ. ಕಳೆದ ತಿಂಗಳು ಆ ತಟ್ಟೆಯ ಜಾಗದಲ್ಲಿ ಬೇರೆಯೇ ಒಂದು ಉಪಾಯ ಹೊಳೆದಿದೆ, ಮಾಡಿ ನೋಡಿದ್ದೇನೆ, ಮೊದಲಿನದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ತಾತ್ಕಾಲಿಕ ಅರ್ಜಿಯ ಕಾಗದಗಳು ಸಿದ್ಧವಾಗುತ್ತಿವೆ. ಅದರ ಬಗ್ಗೆ ಇಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ.