ಲೋವರ್ ಆರ್ಮ್ ಬೋಲ್ಟು: ಉಜ್ಜಿದ ಹಳೇದೋ, ಪೇಟೆಯ ಹೊಸದೋ, ಕಂಪನಿಯದೋ?

ಲೋವರ್ ಆರ್ಮ್ ಅಂದ್ರೆ ಚಕ್ರವನ್ನ ಚಾಸಿಗೆ ಹಿಡಿದಿಡೋ ಕೆಳಗಿನ ತೋಳು. ಅದರ ಬೋಲ್ಟು ಬಿಚ್ಚಿದಾಗ ನನ್ನ ಓಟು ಹಳೇದಕ್ಕೇ. ಕಾರಿನ ಜೊತೆ ಕಾರ್ಖಾನೆಯಿಂದಲೇ ಬಂದದ್ದಾಗಿರಬೇಕು, ಬಾಗಿರಬಾರದು, ಥ್ರೆಡ್ ಸರಿ ಇರಬೇಕು, ಮ್ಯಾನುಯಲ್‌ನಲ್ಲಿ ‘ಬಿಚ್ಚಿದರೆ ಹೊಸದೇ ಹಾಕಿ’ ಅಂತ ಬರೆದಿರಬಾರದು. ಇಷ್ಟಿದ್ದರೆ ಉಜ್ಜಿ ವಾಪಸ್ ಹಾಕ್ತೀನಿ. ಇಲ್ಲದಿದ್ದರೆ ಕಂಪನಿಯ ಹೊಸದು. ಹಾರ್ಡ್‌ವೇರ್ ಅಂಗಡಿಯ ಹೊಸ ಬೋಲ್ಟನ್ನ ಮಾತ್ರ ಚಾಸಿ ಹತ್ತಿರಕ್ಕೆ ಬಿಡಲ್ಲ. ‘ಹೊಸದು ಅಂದಮೇಲೆ ಹಳೇದಕ್ಕಿಂತ ಗಟ್ಟಿ ಇರಲೇಬೇಕಲ್ಲ’ ಅನ್ನೋರಿಗೇ ಇದನ್ನ ಬರೀತಿರೋದು.

ನಮ್ಮದು ದಾವಣಗೆರೆಯಿಂದ ಚನ್ನಗಿರಿ, ಹೊನ್ನಾಳಿ ಕಡೆ ಹೊಲ-ತೋಟ ಅಂತ ತಿರುಗೋ ಕಾರು. ಎರಡೂ ಕಡೆ ಲೋವರ್ ಆರ್ಮ್ ಬುಷ್ (ಬೋಲ್ಟು ತೂರೋ ರಬ್ಬರ್ ಕೊಳವೆ) ಹೋಗಿದ್ವು. ಮನೆ ಮುಂದೆಯೇ ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು ಬಿಚ್ಚಿದೆ. ಮಳೆಗಾಲದ ಎರೆಮಣ್ಣು ಬೋಲ್ಟಿನ ತಲೆ ಸುತ್ತ ಗಾರೆ ಮೆತ್ತಿದ ಹಾಗೆ ಗಟ್ಟಿಯಾಗಿತ್ತು, ಆದರೆ ಒಳಗೆ ತುಕ್ಕು ಅಂಥದ್ದೇನಿರಲಿಲ್ಲ. ನಮ್ಮ ಕಡೆಯ ಒಣ ಹವೆಯ ಪುಣ್ಯ ಅದು. ಕರಾವಳಿಯಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರೆ ಈ ಲೆಕ್ಕ ಬೇರೆ. ತುಕ್ಕು ತಿಂದು ಗುಳಿ ಬಿದ್ದ ಬೋಲ್ಟನ್ನ ಎಷ್ಟು ಉಜ್ಜಿದರೂ ಹೋದ ಕಬ್ಬಿಣ ವಾಪಸ್ ಬರಲ್ಲ.

ಒಂದು ಬೋಲ್ಟಿನ ತಲೆಯನ್ನ ಹಿಂದೆ ಯಾವುದೋ ಗ್ಯಾರೇಜಿನವರು ಏರ್ ಗನ್ ಹಾಕಿ ದುಂಡಗೆ ಮಾಡಿಟ್ಟಿದ್ರು. ಅದೊಂದನ್ನ ಬದಲಿಸಲೇಬೇಕಿತ್ತು. ಅಲ್ಲಿಂದ ಶುರು ನನ್ನ ಗೋಳು.

ಹಳೇ ಬೋಲ್ಟನ್ನೇ ಜೇಬಿಗೆ ಹಾಕ್ಕೊಂಡು ಪೇಟೆಗೆ ಹೋದೆ. ಅಂಗಡಿಯವರು ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, ಡಬ್ಬಿಯಿಂದ ಅದೇ ದಪ್ಪ, ಅದೇ ಉದ್ದದ ಥಳಥಳ ಹೊಳೆಯೋ ಬೋಲ್ಟು ಕೊಟ್ರು. ಮನೆಗೆ ತಂದು ಬೆರಳಲ್ಲಿ ತಿರುಗಿಸಿದರೆ ಒಂದು ಸುತ್ತು ಹೋಯ್ತು, ನಿಂತ್ಕೊಂಡ್ತು. ವಾಪಸ್ ಒಯ್ದು ಕೇಳಿದ್ದಕ್ಕೆ, “ಹೊಸದು ಸ್ವಲ್ಪ ಬಿಗಿ ಇರ್ತತ್ರಿ ಸಾರ್, ಪಾನಾ ಹಾಕಿ ತಿರುವ್ರಿ, ಕುಂದ್ರತತಿ” ಅಂದ್ರು.

ಕುಂದ್ರತತಿ, ನಿಜ. ಆಮೇಲೆ ಏಳಲ್ಲ ಅಷ್ಟೆ. ಎಂ12 ಅಂದ್ರೆ 12 ಮಿ.ಮೀ. ದಪ್ಪ ಅನ್ನೋದು ಮಾತ್ರ ಗೊತ್ತಾಗುತ್ತೆ, ಥ್ರೆಡ್ಡಿನಿಂದ ಥ್ರೆಡ್ಡಿಗೆ ಎಷ್ಟು ಅಂತರ ಅನ್ನೋದಲ್ಲ. ಗೇಟು, ಪಂಪ್‌ಸೆಟ್ಟು, ಟ್ರೇಲರ್‌ಗೆ ಅಂತ ಮಾರೋ ಎಂ12ರಲ್ಲಿ ಆ ಅಂತರ 1.75 ಮಿ.ಮೀ. ನನ್ನ ಕಾರಿನ ಬೋಲ್ಟು ಫೈನ್ ಥ್ರೆಡ್ಡು, 1.25. ಬೋಲ್ಟು ಹೋಗಿ ಕೂರೋ ನಟ್ಟು ಚಾಸಿ ಡಬ್ಬಿಯ ಒಳಗೆ ವೆಲ್ಡ್ ಆಗಿದೆ, ಅಲ್ಲಿಗೆ ಕೈ ಹೋಗಲ್ಲ. ಪಾನಾ ಹಾಕಿ ಒತ್ತಾಯ ಮಾಡಿದರೆ ಅದರ ಥ್ರೆಡ್ ಕಿತ್ತು ಬರುತ್ತೆ, ಇಲ್ಲ ನಟ್ಟೇ ಬಿಟ್ಕೊಂಡು ಒಳಗೆ ಗಿರಗಿರ ತಿರುಗುತ್ತೆ. ಆಮೇಲೆ ತಗಡು ಕತ್ತರಿಸಿ ಹೊಸ ನಟ್ಟು ವೆಲ್ಡ್ ಮಾಡಿಸಬೇಕು. ಇಪ್ಪತ್ತು ಮೂವತ್ತು ರೂಪಾಯಿ ಬೋಲ್ಟಿಗೆ ಇಷ್ಟೆಲ್ಲ!

ಗೇಜ್ ಇಲ್ಲದೆಯೂ ಇದನ್ನ ಕೌಂಟರಿನಲ್ಲೇ ನೋಡಬಹುದು. ಹಳೇದು, ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು, ಥ್ರೆಡ್ಡಿಗೆ ಥ್ರೆಡ್ಡು ಒತ್ತಿ, ಬೆಳಕಿಗೆ ಹಿಡೀರಿ. ಪಿಚ್, ಅಂದ್ರೆ ಆ ಅಂತರ, ಒಂದೇ ಆಗಿದ್ದರೆ ಹಲ್ಲಿಗೆ ಹಲ್ಲು ಕೂತು ಬೆಳಕೇ ತೂರಲ್ಲ. ಬೇರೆ ಆಗಿದ್ದರೆ ಒಂದೆರಡು ಹಲ್ಲು ಕೂತು, ಮುಂದಕ್ಕೆ ಸಂದು ಬಿಟ್ಕೊಳ್ಳುತ್ತೆ.

ಹುಡುಕಿ ಹುಡುಕಿ ಇನ್ನೊಂದು ಅಂಗಡೀಲಿ 1.25ರದು ಸಿಕ್ತು, ತಲೆ ಮೇಲೆ ಗಟ್ಟಿತನದ ದರ್ಜೆ 10.9 ಅಂತಲೂ ಇತ್ತು. ಆದರೆ ತಲೆಯಿಂದ ತುದೀವರೆಗೂ ಥ್ರೆಡ್ಡು. ಕಾರಿನದ್ದು ಅರ್ಧಕ್ಕಿಂತ ಹೆಚ್ಚು ನುಣುಪು, ತುದೀಲಿ ಮಾತ್ರ ಥ್ರೆಡ್ಡು, ಯಾಕಂದ್ರೆ ಬ್ರಾಕೆಟ್ಟಿನ ತೂತಿನ ಭಾರ ಹೊರೋದು ಆ ನುಣುಪು ಭಾಗ. ಅಲ್ಲಿ ಥ್ರೆಡ್ಡು ಬಂದರೆ ಅದು ಅರದ ಥರ ತೂತನ್ನ ತಿನ್ನುತ್ತೆ, ದಪ್ಪವೂ ಅಲ್ಲಿ ಕಡಿಮೆ. ತಲೆ ಕೆಳಗಿನ ಅಗಲ ಫ್ಲೇಂಜ್ ಕೂಡ ಇರಲಿಲ್ಲ, “ವೈಸರ್ ಹಾಕ್ಕಳ್ರಿ” ಅಂದ್ರು. ಕೈಬಿಟ್ಟೆ.

ಗೆಳೆಯರೊಬ್ಬರು ಹರಿಹರದಲ್ಲಿ ಮಾಡಿಸೋಣ ಅಂದ್ರು. ಮೈಸೂರು ಕಿರ್ಲೋಸ್ಕರ್‌ನವರು ಲೇತ್ ತಯಾರಿಸ್ತಿದ್ದ ಊರದು. ಕಾರ್ಖಾನೆ ಮುಚ್ಚಿದರೂ ಆ ಕೆಲಸ ಬಲ್ಲ ಕೈಗಳಿಗೆ ಅಲ್ಲೇನು ಕೊರತೆ ಇಲ್ಲ, ಅಳತೆಗೆ ಕೂದಲಷ್ಟು ವ್ಯತ್ಯಾಸ ಬರದಂತೆ ಮಾಡಿಕೊಡ್ತಾರೆ. ನನ್ನ ತಕರಾರು ಅಳತೆಯದ್ದಲ್ಲ. ಕಾರ್ಖಾನೆಯ ಬೋಲ್ಟಿನಲ್ಲಿ ಥ್ರೆಡ್ಡನ್ನ ಒತ್ತಿ ಉರುಳಿಸಿ ಮೂಡಿಸಿರ್ತಾರೆ, ಉಕ್ಕನ್ನ ಕಾಯಿಸಿ ಹದ ಮಾಡಿರ್ತಾರೆ. ಲೇತಿನಲ್ಲಿ ಕೊರೆದ ಥ್ರೆಡ್ಡು ದಿನಾ ಗುಂಡಿ ಎತ್ತಿಹಾಕೋ ಏಟಿಗೆ ಅಷ್ಟು ಕಾಲ ತಾಳಲ್ಲ. ಗೇರ್‌ಬಾಕ್ಸ್ ಕವರಿಗಾದರೆ ಕಣ್ಣು ಮುಚ್ಚಿ ಮಾಡಿಸ್ತಿದ್ದೆ.

ಸ್ಟೀಲ್ ಬೋಲ್ಟು, ಅಂದ್ರೆ ತುಕ್ಕು ಹಿಡಿಯದ ಎಸ್‌ಎಸ್: ಬೇಡ. ಅಂಗಡೀಲಿ ಸಿಗೋ ಎ2-70 ದರ್ಜೆಯ ಮಾಲು 8.8 ದರ್ಜೆಯ ಬೋಲ್ಟಿಗಿಂತಲೂ ಮೆತ್ತಗೆ. ನಂಬರ್ ಪ್ಲೇಟಿಗೆ ಹಾಕ್ಕೊಳ್ಳಿ.

ಇನ್ನು ಹಳೇ ಬೋಲ್ಟನ್ನ ಯಾಕೆ ನಂಬೋದು ಅನ್ನೋದಕ್ಕೆ ಉತ್ತರ ಅದರ ತಲೆ ಮೇಲೇ ಇದೆ. 10.9ರ 10 ಅಂದ್ರೆ ಚದರ ಮಿ.ಮೀ.ಗೆ ಸುಮಾರು 1000 ನ್ಯೂಟನ್ ಎಳೆತಕ್ಕೆ ಅದು ತುಂಡಾಗುತ್ತೆ. 9 ಅಂದ್ರೆ ಅದರ ಶೇ. 90ರವರೆಗೆ ಎಳೆದು ಬಿಟ್ಟರೂ ಹೆಚ್ಚುಕಮ್ಮಿ ಮೊದಲಿನ ಉದ್ದಕ್ಕೇ ಮರಳುತ್ತೆ. ಮ್ಯಾನುಯಲ್‌ನಲ್ಲಿ ಬರೀ ಟಾರ್ಕ್ (ತಿರುಗಿಸಿ ಬಿಗಿಯೋ ಬಲ) ಅಂಕಿ ಕೊಟ್ಟಿರೋ ಬೋಲ್ಟುಗಳನ್ನ ಸಾಮಾನ್ಯವಾಗಿ ಆ ಮಿತಿಯೊಳಗೇ ಬಿಗಿದಿರ್ತಾರೆ, ಹಾಗಾಗಿ ಬಿಚ್ಚಿದರೂ ಅದು ದಣಿದಿರಲ್ಲ. ‘ಇಷ್ಟು ಟಾರ್ಕ್, ಆಮೇಲೆ ಇನ್ನೂ 90 ಡಿಗ್ರಿ ತಿರುಗಿಸಿ’ ಅಂತ ಬರೆದಿದ್ದರೆ ಮಾತ್ರ ಹುಷಾರು. ಅಂಥವನ್ನ ಬೇಕಂತಲೇ ಆ ಮಿತಿ ಹತ್ತಿರಕ್ಕೋ ಅದರಾಚೆಗೋ ಎಳೆದಿರ್ತಾರೆ, ಮತ್ತೆ ಹಾಕೋ ಹಾಗಿಲ್ಲ. ಫೋಕ್ಸ್‌ವ್ಯಾಗನ್ ಗುಂಪಿನ ಕಾರಿನವರಿಗೆ ಸಸ್ಪೆನ್ಷನ್ ಕೆಲಸದಲ್ಲಿ ಇಂಥವು ಸುಮಾರು ಸಿಗ್ತವೆ. ಅವರ ಖರ್ಚು ಅವರಿಗೆ.

ನಾನು ಪರೀಕ್ಷೆ ಮಾಡೋದು ಹೀಗೆ. ಡೀಸೆಲ್‌ನಲ್ಲಿ ನೆನೆಹಾಕಿ ವೈರ್ ಬ್ರಷ್‌ನಲ್ಲಿ ಉಜ್ಜಿ ಒರೆಸ್ತೀನಿ. ಅದೇ ಪಿಚ್ಚಿನ ಒಳ್ಳೇ ನಟ್ಟೊಂದನ್ನ ಥ್ರೆಡ್ಡಿನ ಈ ತುದಿಯಿಂದ ಆ ತುದಿಗೆ ಬೆರಳಲ್ಲೇ ಓಡಿಸ್ತೀನಿ. ನಡುವೆ ಎಲ್ಲಾದರೂ ಹಿಡಿದರೆ ಅಲ್ಲಿ ಬೋಲ್ಟು ಎಳೆದುಕೊಂಡಿದೆ, ಇಲ್ಲವೇ ಥ್ರೆಡ್ಡು ನೊಂದಿದೆ. ಎಳೆದುಕೊಂಡಿದ್ದರೆ ಗುಜರಿಗೆ. ಬಾಗಿದೆಯಾ ಅಂತ ನೋಡೋಕೆ ಅಡುಗೆಮನೆ ಗ್ರಾನೈಟ್ ಕಟ್ಟೆ ಮೇಲೆ ನುಣುಪು ಭಾಗವನ್ನಷ್ಟೇ ಉರುಳಿಸ್ತೀನಿ, ತಲೆ ಕಟ್ಟೆಯ ಅಂಚಿನಿಂದ ಆಚೆಗೆ. ಮನೆಯವರು ಇಲ್ಲದ ಹೊತ್ತು ನೋಡಿ ಮಾಡೋದು ಒಳ್ಳೇದು. ಬಚ್ಚಲು ತೊಳೆಯೋ ಆಸಿಡ್‌ನಲ್ಲಿ ಮಾತ್ರ ಮುಳುಗಿಸಬೇಡಿ. ಬೋಲ್ಟು ಬೆಳ್ಳಗಾಗುತ್ತೆ, ಆದರೆ ಹೈಡ್ರೋಜನ್ ಒಳಗೆ ಸೇರಿ ಗಟ್ಟಿ ಉಕ್ಕು ಪೆಡಸಾಗುತ್ತೆ. 12.9ರದಕ್ಕಂತೂ ಆಸಿಡ್ ವಿಷ.

ಉಜ್ಜೋದು ಚೆಂದಕ್ಕಲ್ಲ. ಟಾರ್ಕ್ ರೆಂಚಿನಲ್ಲಿ ನಾವು ಹಾಕೋ ಬಲದಲ್ಲಿ ಸುಮಾರು ಶೇ. 90 ಬರೀ ಘರ್ಷಣೆಗೆ ಹೋಗುತ್ತೆ, ಬಿಗಿತಕ್ಕೆ ದಕ್ಕೋದು ಉಳಿದ ಹತ್ತು. ತುಕ್ಕು ಇದ್ದರೆ ಆ ಹತ್ತರಲ್ಲೂ ಕಡಿತ. ರೆಂಚು ‘ಟಕ್’ ಅನ್ನುತ್ತೆ, ಬೋಲ್ಟು ಬಿಗಿಯಾಗಿರಲ್ಲ. ಎಣ್ಣೆ ಸುರಿದರೆ ಇದರ ಉಲ್ಟಾ, ಅದೇ ಅಂಕಿಗೆ ಜಾಸ್ತಿ ಎಳೆಯುತ್ತೆ. ಮ್ಯಾನುಯಲ್ ಹೇಳದಿದ್ದರೆ ಒಣಗಿಸಿಯೇ ಹಾಕಿ. ಬುಷ್ ಬೋಲ್ಟಿನ ಕೊನೇ ಬಿಗಿತ ಚಕ್ರ ನೆಲಕ್ಕಿಳಿದು ಭಾರ ಬಿದ್ದಮೇಲೆ.

ನಟ್ಟುಗಳ ವಿಷಯಕ್ಕೆ ನನ್ನದು ಉಲ್ಟಾ ನಿಯಮ. ನೈಲಾನ್ ಉಂಗುರದ ನಟ್ಟು ಬೆರಳಲ್ಲೇ ಪೂರ್ತಿ ಇಳಿಯೋ ಹಾಗಿದ್ದರೆ ಅದರ ಕೆಲಸ ಮುಗೀತು, ನಾನಂತೂ ಅಲ್ಲೀವರೆಗೂ ಕಾಯದೆ ಬದಲಿಸ್ತೀನಿ. ನಟ್ಟು ಬಿಚ್ಚಿಕೊಳ್ಳದಂತೆ ತೂರಿಸೋ ಸ್ಪ್ಲಿಟ್ ಪಿನ್ ಯಾವತ್ತೂ ಹೊಸದೇ.

ಕೊನೆಗೆ ಆ ಒಂದು ಬೋಲ್ಟನ್ನ ಕಂಪನಿ ಸ್ಪೇರ್ಸ್ ಕೌಂಟರಿನಲ್ಲೇ ತಗೊಂಡೆ. ಪೇಟೆ ಬೆಲೆಗಿಂತ ನಾಲ್ಕೈದು ಪಟ್ಟು ಜಾಸ್ತಿ, ಆದರೆ ಬೆರಳಲ್ಲೇ ಸರಸರ ಇಳೀತು. ಮಿಕ್ಕವೆಲ್ಲ ಹಳೇವೇ. ಕಾರು ಹತ್ತು ವರ್ಷ ಇಟ್ಕೊಳ್ಳೋ, ಭಾನುವಾರ ಕೂತು ಉಜ್ಜೋಕೆ ಬೇಜಾರಿಲ್ಲದ ನನ್ನಂಥವರಿಗೆ ಇದು ಸರಿ ಹೋಗುತ್ತೆ. ಉಜ್ಜೋಕೆ ಪುರುಸೊತ್ತಿಲ್ಲ ಅನ್ನೋರು ಪೂರಾ ಸೆಟ್ಟನ್ನೇ ಕಂಪನಿಯಿಂದ ತರಿಸಿಕೊಳ್ಳಿ. ಆದರೆ ಕೌಂಟರಿನಲ್ಲಿ ಬೋಲ್ಟು ಸ್ಟಾಕ್ ಇಡೋದು ಅಪರೂಪ, ಪಾರ್ಟ್ ನಂಬರ್ ಕೊಟ್ಟು ಆರ್ಡರ್ ಹಾಕಿ ಕಾಯಬೇಕು. ಮೊದಲು ಬೋಲ್ಟು ಕೈಗೆ ಬರಲಿ, ಆಮೇಲೆ ಕಾರು ಸ್ಟ್ಯಾಂಡ್ ಮೇಲೆ ಹತ್ತಿಸಿ. ಇಲ್ಲಾಂದ್ರೆ ನನ್ನ ಹಾಗೆ ಅದು ಬರೋವರೆಗೂ ಆಟೋದವರಿಗೆ ದುಡ್ಡು ಕೊಡಬೇಕಾಗುತ್ತೆ.