ಫರಸಿ ಹಾಸಿದ ಅಂಗಳದಲ್ಲಿ ಕಾರಿನ ಕೆಳಗೆ ಹೋಗಬೇಡಿ

ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಮನೆಯಲ್ಲೇ ಕಾರಿನ ಕೆಲಸ ಮಾಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ಜಾಕ್ ಎಲ್ಲಿ ಕೊಡಬೇಕು, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಎಲ್ಲಿ ಇಡಬೇಕು ಅಂತ ವಿಡಿಯೋಗಳಲ್ಲಿ ಚೆನ್ನಾಗಿ ತೋರಿಸುತ್ತಾರೆ. ಅವರದು ಕಾಂಕ್ರೀಟ್ ನೆಲ. ನಮ್ಮ ಅಂಗಳದ ಕೆಳಗಿರುವುದು ಎರೆ ಮಣ್ಣು.

ಕಾರು ನನ್ನ ತಮ್ಮನದು, ಹಳೆಯ ಬಿಎಂಡಬ್ಲ್ಯೂ ಝಡ್4. ಗೇರ್ ಹಾಕುವಾಗ ಕೆಳಗಿನಿಂದ ಧಡ್ ಅನ್ನುತ್ತಿತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಗೇರ್ ಲಿವರ್ ಕೈಯಲ್ಲೇ ಜಿಗಿಯುತ್ತಿತ್ತು. ಗೇರ್‌ಬಾಕ್ಸ್ ಮೌಂಟ್ ಹೋಗಿತ್ತು. ಗೇರ್‌ಬಾಕ್ಸಿನ ಹಿಂಭಾಗವನ್ನು ಅಡ್ಡಪಟ್ಟಿಯ ಮೇಲೆ ಹೊತ್ತುಕೊಂಡಿರುವ ಎರಡು ರಬ್ಬರ್ ಗಟ್ಟಿಗಳು ಅವು. ವಯಸ್ಸಾದರೆ ಬಿರಿಯುತ್ತವೆ, ಸೋರಿದ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತವೆ. ಬಿಚ್ಚಲು ಬೇಕಾಗುವುದು ಮುಖ್ಯವಾಗಿ 13 ನಂಬರಿನ ಪಾನಾ. ಆದರೆ ಈ ಕಾರು ನೆಲಕ್ಕೆ ತೀರಾ ಹತ್ತಿರ. ನಾಲ್ಕೂ ಕಡೆ ಎತ್ತದಿದ್ದರೆ ಕೆಳಗೆ ಕೈ ಆಡುವುದಿಲ್ಲ. ಒಂದು ಟನ್ನಿಗಿಂತ ಜಾಸ್ತಿ ಭಾರವೆಲ್ಲ ನಾಲ್ಕು ಸ್ಟ್ಯಾಂಡುಗಳ ಸಣ್ಣ ಸಣ್ಣ ಕಾಲುಗಳ ಮೇಲೆ ಬೀಳುತ್ತದೆ.

ಗೇರ್‌ಬಾಕ್ಸಿಗೆ ಕಟ್ಟಿಗೆ ತುಂಡು ಇಟ್ಟು ಜಾಕ್ ಕೊಟ್ಟಿದ್ದೆವು. ತಮ್ಮ ಅಡ್ಡಪಟ್ಟಿ ಬಿಚ್ಚಿ ಹೊರಗೆ ಬಂದು ಬೋಲ್ಟು ಒರೆಸುತ್ತಿದ್ದ. ಟಪ್ ಅಂತ ಸದ್ದಾಯಿತು. ಹಿಂದಿನ ಎಡ ಸ್ಟ್ಯಾಂಡಿನ ಕೆಳಗಿನ ಫರಸಿ ಕಲ್ಲು ಸೀಳಿ, ಸ್ಟ್ಯಾಂಡಿನ ಒಂದು ಕಾಲು ಒಳಗಿಳಿಯಿತು. ಕಾರು ಆ ಕಡೆ ವಾಲಿತು. ಬಿಚ್ಚಿದ ಗಾಲಿಯನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟಿದ್ದೆವು, ಅದರ ಮೇಲೆ ಬಂದು ಕೂತಿತು. ಆ ಗಾಲಿ ಇರಲಿಲ್ಲ ಅಂದರೆ ಪೂರ್ತಿ ನೆಲಕ್ಕೇ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಅವನ ಎದೆ ಅಲ್ಲೇ ಇತ್ತು. ಇದನ್ನು ಬರೆಯುವಾಗಲೂ ನನಗೆ ಕೈ ನಡುಗುತ್ತಿದೆ.

ಗೇರ್‌ಬಾಕ್ಸಿನ ಜಾಕ್ ಜಾರಿ ಅದರ ಬಾಲ ಕೆಳಗೆ ಬಿತ್ತು. ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗಳ ಕಡೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕಪ್ಲಿಂಗ್ ಹರಿಯಿತು, ಸೈಲೆನ್ಸರ್ ಪೈಪ್ ಜಾಯಿಂಟಿನಲ್ಲಿ ಬಾಗಿತು. ದುಡ್ಡಿನ ಮಾತು ಬಿಡಿ, ಹೇಗೋ ಆಗುತ್ತದೆ.

ಆ ಕಲ್ಲು ಎಬ್ಬಿಸಿ ನೋಡಿದರೆ ಕೆಳಗೆ ಒಂದು ಗೇಣು ಟೊಳ್ಳು! ಗರಸು ಹಾಕಿ ಬಡಿದಿದ್ದೇವೆ ಅಂತ ಕಟ್ಟಿದವರು ಹೇಳಿದ್ದರು. ನೋಡಲು ಬಂದ ಗೌಂಡಿ ಹೇಳಿದ್ದು ಇಷ್ಟು: "ಸರ, ಎರಿ ಮಣ್ಣು ಮಳಿಗಾಲದಾಗ ಉಬ್ಬತೈತ್ರಿ, ಬ್ಯಾಸಿಗಿಗೆ ಬಾಯಿ ಬಿಡತೈತಿ. ಮ್ಯಾಲ ಕಲ್ಲು ಹಾಂಗ ಇರತೈತಿ, ಕೆಳಗ ಏನೂ ಇರಂಗಿಲ್ಲ." ನಾವು ದಿನಾ ಓಡಾಡುವ ಅಂಗಳ ಅದು. ಗಾಲಿಯ ಮೇಲೆ ಕಾರು ನಿಂತಾಗ ಏನೂ ಆಗಿರಲಿಲ್ಲ. ಗಾಲಿ ಭಾರವನ್ನು ಹರಡುತ್ತದೆ, ಸ್ಟ್ಯಾಂಡಿನ ಕಾಲು ಹಾಗಲ್ಲ, ಒಂದೇ ಕಡೆ ಒತ್ತುತ್ತದೆ.

ನಿಮ್ಮ ಅಂಗಳದ ಕಲ್ಲನ್ನು ಸುತ್ತಿಗೆಯ ಹಿಡಿಯಿಂದ ಒಮ್ಮೆ ತಟ್ಟಿ ನೋಡಿ. ಒಂದು ಕಲ್ಲು ಟೊಳ್ಳು ಸದ್ದು ಕೊಟ್ಟರೂ ಅಲ್ಲಿ ಕಾರು ಎತ್ತಬೇಡಿ. ಸ್ಟ್ಯಾಂಡಿನ ಕೆಳಗೆ ಹಲಗೆ ಹಾಕಿದರೆ ಸಾಕಲ್ವಾ ಅಂತ ಕೆಲವರು ಕೇಳಿದರು. ಮೆತ್ತಗಿನ ನೆಲಕ್ಕೆ ಹಲಗೆ ಆದೀತು, ಟೊಳ್ಳಿಗೆ ಆಗುವುದಿಲ್ಲ. ಮೌಂಟ್ ನೀವೇ ತಂದುಕೊಂಡು, ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ ಹಾಕಿಸಿ. ಲಿಫ್ಟ್ ಮೇಲಿದ್ದಾಗಲೇ ಗೇರ್‌ಬಾಕ್ಸಿನ ಎಣ್ಣೆ ಸೀಲ್ ಸೋರುತ್ತಿದೆಯಾ ನೋಡಿಸಿ. ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಇಲ್ಲದಿದ್ದರೆ ಹೊಸ ರಬ್ಬರೂ ಬೇಗ ಹೋಗುತ್ತದೆ.